ಹರ್ನಿಯಾ ಅಕ್ಕ ರೋಬೋಟ್ ಕಲಿಯಲು ಕೂತದ್ದು

ಹರ್ನಿಯಾ ಅಕ್ಕ ಹೊಲಿಗೆಯ ಗಂಟು ಹಾಕುವಾಗ ಗಂಟನ್ನು ನೋಡುತ್ತಿರಲಿಲ್ಲ. ನನ್ನ ಕಡೆ ತಿರುಗಿ "ಇವರ ಬಿಪಿ ಹೇಗಿದೆ?" ಎಂದು ಕೇಳುತ್ತಿದ್ದರು. ಸಿಸ್ಟರ್ ಹತ್ತಿರ ಅವರ ಅತ್ತೆಯ ಮಂಡಿನೋವಿನ ವಿಚಾರ ತೆಗೆಯುತ್ತಿದ್ದರು. ಅಷ್ಟರಲ್ಲಿ ಬೆರಳುಗಳು ತಮ್ಮ ಪಾಡಿಗೆ ತಾವು ದಾರ ಸುತ್ತಿ, ಎಳೆದು, ಎಷ್ಟು ಬಿಗಿಯಾಗಬೇಕೋ ಅಷ್ಟಕ್ಕೆ ನಿಂತುಬಿಡುತ್ತಿದ್ದವು. ನಾನು ಅರಿವಳಿಕೆ ಕೊಡುವ ವೈದ್ಯ. ಆಪರೇಷನ್ ನಡೆಯುವಷ್ಟು ಹೊತ್ತೂ ರೋಗಿಯ ತಲೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುವುದು ನನ್ನ ಕೆಲಸ. ಅಲ್ಲಿಂದ ನಾನು ಬಹಳ ಜನ ಸರ್ಜನ್‌ಗಳ ಕೈ ನೋಡಿದ್ದೇನೆ. ಇಷ್ಟು ನಿಶ್ಚಿಂತೆಯಿಂದ ಇದ್ದ ಕೈ ಇನ್ನೊಂದು ನೋಡಿಲ್ಲ.

ಬೇರೆ ಸರ್ಜನ್‌ಗಳಿಗೆ ಹರ್ನಿಯಾ ಎಂದರೆ ಒಂದು ಬಗೆಯ ತಾತ್ಸಾರ. ತೊಡೆಸಂದಿನಲ್ಲಿ ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಗೆ ಉಬ್ಬುತ್ತದೆ. ಅದನ್ನು ಒಳಗೆ ತಳ್ಳಿ, ಸಡಿಲ ಜಾಗಕ್ಕೆ ಜಾಲರಿ ಇಟ್ಟು ಹೊಲಿದರೆ ಮುಗಿಯಿತು. ಇದರಲ್ಲಿ ಹೆಸರು ಮಾಡುವುದೇನಿದೆ ಎಂದು ಅವರೆಲ್ಲ ಪಿತ್ತಕೋಶ, ಥೈರಾಯ್ಡ್ ಕಡೆ ಹೋದರು. ಅಕ್ಕ ಹೋಗಲಿಲ್ಲ. ಬಲಗಡೆ ಮಾಡಿಸಿಕೊಂಡು ಹೋಗಿದ್ದ ಒಬ್ಬರು ಎಡಗಡೆಗೆಂದು ಮರಳಿ ಬಂದಾಗ ಹೆಸರು ಮರೆತು, ಕಾರಿಡಾರಿನಲ್ಲಿ ನಿಂತು "ಆ ಹರ್ನಿಯಾ ಅಕ್ಕ ಎಲ್ಲಿ ಕೂರ್ತಾರೆ?" ಎಂದು ಗಟ್ಟಿಯಾಗಿ ಕೇಳಿದರಂತೆ. ಅಲ್ಲಿಂದ ಅದೇ ನಿಂತಿತು. ಅಕ್ಕನಿಗೂ ಬೇಸರವಿರಲಿಲ್ಲ. "ಕಿಡ್ನಿ ಅಕ್ಕ, ಮೂಲವ್ಯಾಧಿ ಅಕ್ಕ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ" ಎನ್ನುತ್ತಿದ್ದರು.

ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಟಿವಿ ನೋಡಿಕೊಂಡು ಉದ್ದ ಕಡ್ಡಿಯಂಥ ಉಪಕರಣಗಳಿಂದ ಮಾಡುವ ಪದ್ಧತಿ ಬಂದಾಗ ನಮ್ಮಲ್ಲಿ ಎಲ್ಲರೂ ತಡವರಿಸಿದರು. ಟಿವಿಯ ಚಿತ್ರ ಚಪ್ಪಟೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯುವುದಿಲ್ಲ ಎಂಬುದು ಎಲ್ಲರ ದೂರು. ಅಕ್ಕನಿಗೆ ಮಾತ್ರ ಮೊದಲ ದಿನದಿಂದಲೇ ಅದು ನೀರು ಕುಡಿದಷ್ಟು ಸುಲಭ. "ಚಪ್ಪಟೆ ಇದ್ರೆ ಏನೀಗ? ಕಡ್ಡಿ ತುದಿ ಎಲ್ಲಿ ತಗಲ್ತಿದೆ ಅಂತ ಕೈಗೆ ಗೊತ್ತಾಗಲ್ವಾ?" ಎಂದು ಅವರು ಕೇಳಿದಾಗ ಉಳಿದವರು ಮುಖ ಮುಖ ನೋಡಿಕೊಂಡಿದ್ದರು. ಆ ಮಾತಿನಲ್ಲಿ ಏನಿತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ.

ರೋಬೋಟ್ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ನಾಲ್ಕು ತೋಳು ಮಡಚಿಕೊಂಡು ಮೂಲೆಯ ಥಿಯೇಟರಿನಲ್ಲಿ ನಿಂತಿತು. ಸೂಪರಿಂಟೆಂಡೆಂಟ್ ಎಲ್ಲರನ್ನೂ ಕರೆದು ಹೇಳಿದರು: ಬರುವ ವರ್ಷದಿಂದ ತುರ್ತಿನವು ಬಿಟ್ಟು ಉಳಿದ ಎಲ್ಲ ಹರ್ನಿಯಾಗಳೂ ಇದರಲ್ಲೇ. ಕಲಿತವರು ಮಾತ್ರ ಮಾಡಬೇಕು. ಕಲಿತಿದ್ದಾರೆ, ಒಬ್ಬರೇ ಮಾಡಬಲ್ಲರು ಎಂದು ಕಲಿಸಿದವರು ಹೇಳಬೇಕು. ತುರ್ತಿನವು ಪಾಳಿಯಲ್ಲಿರುವ ಹುಡುಗರಿಗೆ.

ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ಅಕ್ಕ ನನಗೆ ಹೇಳಿದರು: "ನನಗೆ ಬರೋದು ಇದೊಂದೇ ಕೆಲಸ. ಇದನ್ನೂ ಕಲೀದೇ ಹೋದ್ರೆ ನಾನು ಇಲ್ಲಿ ಯಾರು? ಗೋಡೆ ಮೇಲಿನ ಕ್ಯಾಲೆಂಡರಾ?"

"ನೀವು ಕಲೀದೇ ಇರೋದುಂಟಾ ಅಕ್ಕ?" ಎಂದೆ. ಹಾಗೆಂದೇ ನಾನು ನಂಬಿದ್ದೆ.

ಕಲಿಸಲು ಬಂದವನು ಮರಿ. ಹೌಸ್ ಸರ್ಜನ್ ಆಗಿ ಸೇರಿದಾಗ ಅವನ ಕತ್ತು ಕಡ್ಡಿಯಂತಿತ್ತು, ಅಂಗಿಯ ಕಾಲರ್ ಒಳಗೆ ಇನ್ನೊಂದು ಕತ್ತು ಹಿಡಿಸುತ್ತಿತ್ತು. "ಇದ್ಯಾವುದೋ ಮರಿ ಬಂದಿದೆ, ತಿನ್ನೋಕೆ ಏನಾದ್ರೂ ಕೊಡ್ರೋ" ಎಂದು ಅಕ್ಕ ಅಂದದ್ದೇ ಅವನ ಹೆಸರಾಯಿತು. ಅವನಿಗೆ ಕತ್ತರಿ ಹಿಡಿಯಲು ಕಲಿಸಿದವರು ಅಕ್ಕ. ತಪ್ಪು ಮಾಡಿದರೆ ಚಿಮಟದ ಹಿಂಬದಿಯಿಂದ ಗೆಣ್ಣಿನ ಮೇಲೆ ಟಕ್ಕೆಂದು ಒಂದು ಏಟು ಕೊಟ್ಟು "ತಪ್ಪು!" ಎನ್ನುತ್ತಿದ್ದರು. ಕಾರಣ ಆಮೇಲೆ. ಆ ಏಟು ತಿಂದು ತಿಂದೇ ಮರಿ ಒಳ್ಳೆಯ ಸರ್ಜನ್ ಆದ. ಬೇರೆ ಊರಿಗೆ ಹೋಗಿ ರೋಬೋಟ್ ಕಲಿತ. ಈಗ ಹೊಟ್ಟೆ ಬಂದು, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿ, ನಮ್ಮಲ್ಲಿಗೇ ತಿರುಗಿ ಬಂದಿದ್ದ. ಹೆಸರು ಮಾತ್ರ ಮರಿಯೇ.

"ಮೊದಲು ಪಾಠದ ವಿಡಿಯೋ ಅಕ್ಕ. ಆಮೇಲೆ ಸಿಮ್ಯುಲೇಟರ್, ಅಂದ್ರೆ ರೋಗಿ ಇಲ್ಲದ ಆಟ. ಆಮೇಲೆ ನಾನು ಆಪರೇಟ್ ಮಾಡೋವಾಗ ನೀವು ರೋಗಿ ಪಕ್ಕ ನಿಂತು ಸಹಾಯ ಮಾಡೋದು. ಕೊನೆಗೆ ನೀವು ಒಂದು ಕನ್ಸೋಲಲ್ಲಿ, ನಾನು ಪಕ್ಕದ ಕನ್ಸೋಲಲ್ಲಿ" ಎಂದು ಅವನು ತಲೆ ಕೆರೆದುಕೊಳ್ಳುತ್ತ ವಿವರಿಸಿದ.

"ಪರೀಕ್ಷೆ ಯಾರು ಮಾಡ್ತಾರೆ?"

"ನಿಮಗೆ ಪರೀಕ್ಷೆ ಮಾಡೋಕೆ ನಾನ್ಯಾರು ಅಕ್ಕ?"

"ನೀನೇ ಕಣೋ. ಒಂದು ಚಿಮಟ ಇಟ್ಕೊ ಕೈಯಲ್ಲಿ. ಹಳೇ ಬಾಕಿ ತೀರಿಸ್ಕೊ."

ಎಲ್ಲರೂ ನಕ್ಕರು. ಮರಿಯೂ ನಕ್ಕ, ಆದರೆ ಅವನ ಕಿವಿ ಕೆಂಪಗಾಗಿತ್ತು.

ಸಿಮ್ಯುಲೇಟರ್ ಇದ್ದದ್ದು ಹಳೆಯ ಲಿನನ್ ಕೋಣೆಯಲ್ಲಿ. ಕಿಟಕಿಯಿಲ್ಲದ, ಇಸ್ತ್ರಿಯ ವಾಸನೆ ಇನ್ನೂ ಹೋಗದ ಕೋಣೆ. ಕನ್ಸೋಲ್ ಎಂದರೆ ಒಂದು ಮೇಜು, ಒಂದು ಕುರ್ಚಿ. ಹಣೆಯನ್ನು ಮೆತ್ತೆಗೆ ಒತ್ತಿ ಎರಡು ಗಾಜಿನೊಳಗೆ ನೋಡಬೇಕು. ಹೆಬ್ಬೆರಳು ಮತ್ತು ನಡುಬೆರಳನ್ನು ಪಟ್ಟಿಗಳಿಗೆ ತೂರಿಸಬೇಕು. ಚಪ್ಪಲಿ ಬಿಟ್ಟು ಪಾದದಿಂದ ಪೆಡಲ್ ಒತ್ತಬೇಕು. ಬೆರಳು ಹೇಗೆ ತಿರುಗುತ್ತದೋ ಒಳಗಿನ ಉಪಕರಣವೂ ಹಾಗೆ ತಿರುಗುತ್ತದೆ. ಮೊದಲ ಪಾಠ, ಬಣ್ಣದ ಬಳೆಗಳನ್ನು ಎತ್ತಿ ಗೂಟಗಳಿಗೆ ಸಿಕ್ಕಿಸುವುದು.

ಅಕ್ಕನಿಗಿಂತ ಮುಂಚೆ ಕೂತಿದ್ದ ಜೂನಿಯರ್ ಹುಡುಗಿ ತಲೆ ಎತ್ತದೆಯೇ ಕೂಗಿದಳು: "ಅಯ್ಯಯ್ಯೋ ಅಕ್ಕ, ಒಳಗೇ ಇಳಿದ ಹಾಗಿದೆ! ಕೈ ಚಾಚಿದ್ರೆ ಗೂಟ ಸಿಗೋ ಹಾಗಿದೆ!"

ಅಕ್ಕ ಕೂತು ನೋಡಿದರು. ಚಿತ್ರ ಬಹಳ ಸ್ಪಷ್ಟವಾಗಿತ್ತು, ಬಣ್ಣ ಚೆನ್ನಾಗಿತ್ತು. ದುಬಾರಿ ಟಿವಿಯಂತೆ. "ಹೌದು ಹೌದು, ಚೆನ್ನಾಗಿದೆ" ಎಂದರು. ಎಲ್ಲರಿಗೂ ಇದೇ ಕಾಣುತ್ತದೆ, ಹುಡುಗರು ಸುಮ್ಮನೆ ಹಾರಾಡುತ್ತಾರೆ ಎಂದುಕೊಂಡರಂತೆ.

ಬಳೆ ಗೂಟಕ್ಕೆ ಬೀಳಲಿಲ್ಲ. ಗೂಟದ ಮುಂದೆ ಬಿತ್ತು, ಹಿಂದೆ ಬಿತ್ತು. ಜೂನಿಯರ್ ಹುಡುಗಿ ಅದೇ ಬೆಳಗ್ಗೆ ಮುಗಿಸಿ ಎದ್ದುಹೋದ ಪಾಠದಲ್ಲಿ ಅಕ್ಕ ಎರಡು ವಾರ ಕೂತರು. ದಿನದ ಆಪರೇಷನ್‌ಗಳು ಶುರುವಾಗುವ ಮೊದಲೇ ಬಂದು, ಲಿನನ್ ಕೋಣೆಯ ದೀಪ ಹಾಕಿಕೊಂಡು, ಹಲ್ಲು ಕಚ್ಚಿ ಕೂರುತ್ತಿದ್ದರು. ನಾನು ಚಹಾ ತೆಗೆದುಕೊಂಡು ಹೋದರೆ ಗಾಜಿನಿಂದ ಮುಖ ತೆಗೆಯದೆ "ಅಲ್ಲಿಡಿ" ಎನ್ನುತ್ತಿದ್ದರು. ಹಣೆಯ ಮೇಲೆ ಮೆತ್ತೆಯ ಕೆಂಪು ಗುರುತು ಮಧ್ಯಾಹ್ನದವರೆಗೂ ಇರುತ್ತಿತ್ತು.

ಒಂದು ಬೆಳಗ್ಗೆ ಅವರಿಗೆ ದಾರಿ ಸಿಕ್ಕಿತು. ಬಳೆಯ ಕೆಳಗೆ ನೆಲದ ಮೇಲೆ ಅದರ ನೆರಳು ಬೀಳುತ್ತದೆ. ನೆರಳು ಗೂಟದ ಬುಡಕ್ಕೆ ಬಂದಾಗ ಬಳೆ ಬಿಟ್ಟರೆ ಸರಿಯಾಗಿ ಬೀಳುತ್ತದೆ. ಆಮೇಲೆ ಅವರು ಬಳೆಯನ್ನು ನೋಡುವುದೇ ಬಿಟ್ಟು ನೆರಳನ್ನು ನೋಡತೊಡಗಿದರು. ಅಂಕ ಏರಿತು. ಪಾಠಗಳು ಒಂದೊಂದಾಗಿ ಮುಗಿದವು. ಅಕ್ಕ ಥಿಯೇಟರಿನವರಿಗೆಲ್ಲ ಬಿಸ್ಕತ್ತು ತರಿಸಿದರು.

"ನೋಡಿದ್ರಾ, ನಿಮಗೆ ಬರದೇ ಇರೋದು ಅಂತ ಇದೆಯಾ?" ಎಂದ ಮರಿ. ಅವನು ಬಿಸ್ಕತ್ತು ತೆಗೆದುಕೊಂಡನೇ ಹೊರತು ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ.

ಮುಂದಿನದು ರಬ್ಬರ್ ಹಾಳೆಯ ಮೇಲೆ ನಿಜವಾದ ದಾರದಿಂದ ಹೊಲಿಯುವುದು. ಅಲ್ಲಿ ಅಕ್ಕನಿಗೆ ಬೇರೆಯೇ ಪೆಟ್ಟು ಬಿತ್ತು. ಅವರ ಬೆರಳು ದಾರ ಎಳೆಯುವುದು ಸಾಕು ಎನ್ನಿಸುವವರೆಗೆ. ರೋಬೋಟಿನ ಪಟ್ಟಿಯೊಳಗಿನ ಬೆರಳಿಗೆ ಸಾಕು ಎಂದು ಯಾರೂ ಹೇಳುವುದಿಲ್ಲ. ದಾರ ಎಷ್ಟೇ ಬಿಗಿಯಾದರೂ ಕೈಗೆ ಗಾಳಿಯಲ್ಲಿ ಆಡಿಸಿದ ಹಾಗೆಯೇ ಇರುತ್ತದೆ. ಅಕ್ಕ ಎಳೆದರು, ಎಳೆದರು, ದಾರ ತುಂಡಾಯಿತು. ಮತ್ತೆ ಎಳೆದರು, ರಬ್ಬರ್ ಹರಿಯಿತು.

"ಕೈ ಸತ್ತುಹೋದ ಹಾಗಿದೆ ಕಣೋ ಮರಿ."

"ಕೈ ಮರೆತುಬಿಡಿ ಅಕ್ಕ. ಇಲ್ಲಿ ಎಲ್ಲಾ ಕಣ್ಣೇ. ದಾರ ಬಿಗಿಯಾದ್ರೆ ಅಂಗಾಂಶ ಹೇಗೆ ಎದ್ದು ಬರತ್ತೆ, ಎಷ್ಟು ಕುಗ್ಗತ್ತೆ ಅಂತ ಆಳ ನೋಡಿ ಅಂದಾಜು ಮಾಡ್ಬೇಕು."

ಅವತ್ತು ಬಟ್ಟೆ ಬದಲಿಸುವ ಕೋಣೆಯ ಹೊರಗೆ ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದರು: "ಕೈ ಮರೆತುಬಿಡಿ ಅಂತಾನೆ. ನನ್ನ ಹತ್ತಿರ ಬೇರೆ ಏನಿದೆ ಹೇಳಿ?" ತಮಾಷೆಗೆ ಕೇಳಿದ್ದಲ್ಲ. ನಾನು "ಅಭ್ಯಾಸ ಆಗತ್ತೆ ಬಿಡಿ" ಎಂದೆ.

ಮೊದಲ ರೋಗಿಯ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ರೋಗಿಯನ್ನು ಮಲಗಿಸಿ, ಮೇಜನ್ನು ತಲೆ ತಗ್ಗಿಗೆ ಬರುವಂತೆ ಓರೆ ಮಾಡಿಸಿದೆ. ಹೊಕ್ಕಳ ಮೇಲುಗಡೆ ಮೂರು ತೂತು, ಅದಕ್ಕೆ ರೋಬೋಟಿನ ತೋಳುಗಳನ್ನು ಜೋಡಿಸಿದರು. ದೊಡ್ಡ ದೀಪ ಆರಿಸಿದರು. ಅಕ್ಕ ಕೈ ತೊಳೆಯಲಿಲ್ಲ, ಗ್ಲೌಸ್ ಹಾಕಲಿಲ್ಲ. ರೋಗಿಗೆ ಬೆನ್ನು ಹಾಕಿ ಮೂಲೆಯ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂತರು. ಇಷ್ಟು ವರ್ಷಗಳಲ್ಲಿ ರೋಗಿಯ ಮೈ ಮುಟ್ಟದೆ ಅವರು ಮಾಡಿದ ಮೊದಲ ಆಪರೇಷನ್. "ಬ್ಯಾಂಕಿನಲ್ಲಿ ಕೂತ ಹಾಗಿದೆ" ಎಂದರು.

ಹೊಟ್ಟೆಯ ಒಳಪೊರೆಯನ್ನು ಬಿಡಿಸುವ ಕೆಲಸ ಚೆನ್ನಾಗಿಯೇ ಆಯಿತು. ಅದು ಹೆಚ್ಚಾಗಿ ಪಕ್ಕಕ್ಕೆ ಸರಿಸುವ ಕೆಲಸ. ಜಾಲರಿಯನ್ನು ಹೊಲಿಯಬೇಕಾದಾಗ ಸೂಜಿಯ ತುದಿ ತಡವರಿಸಿತು. ಕೋಳಿ ಕಾಳು ಹುಡುಕುವಂತೆ ಅಲ್ಲೊಮ್ಮೆ ಇಲ್ಲೊಮ್ಮೆ ಕುಕ್ಕಿತು. ಗೋಡೆಯ ಪರದೆಯಲ್ಲಿ ನನಗೂ ಅದು ಕಾಣುತ್ತಿತ್ತು.

"ಸುಸ್ತಾಗಿರತ್ತೆ ಅಕ್ಕ, ಈ ಹೊಲಿಗೆ ನಾನು ಹಾಕ್ತೀನಿ, ನೀವು ನೋಡ್ತಾ ಇರಿ" ಎಂದು ಮರಿ ತನ್ನ ಕನ್ಸೋಲಿನಿಂದ ಹಿಡಿತ ತೆಗೆದುಕೊಂಡ. ಎರಡನೇ ರೋಗಿಯಲ್ಲೂ ಹೀಗೇ ಆಯಿತು. ಆಗಲೂ ಸೂಜಿ ಹಿಡಿಯುವ ಹೊತ್ತಿಗೆ ಸರಿಯಾಗಿ ಅಕ್ಕನಿಗೆ ಸುಸ್ತಾಗಿರುತ್ತದೆ ಎಂದು ಅವನಿಗೆ ಅನ್ನಿಸಿತು.

"ಏನಾದ್ರೂ ತಪ್ಪಿತ್ತೇನೋ?" ಎಂದು ಅಕ್ಕ ಕೇಳಿದರು.

"ತಪ್ಪು ಅಂತ ಅಲ್ಲ ಅಕ್ಕ. ತುಂಬಾ ಚೆನ್ನಾಗಿ ಬಂತು. ಇನ್ನೊಂದು ಚೂರು… ಆಗ್ತಾ ಆಗ್ತಾ ಸರಿಹೋಗತ್ತೆ."

ಇನ್ನು ಮುಂದಿನ ಕೆಲವು ಸಂಗತಿಗಳನ್ನು ಅಕ್ಕ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಅವರ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎರಡನೇ ಆಪರೇಷನ್ನಿನ ಸಂಜೆ ಅಕ್ಕ ಊಟದ ಮೇಜಿನ ಮೇಲೆ ಚಮಚ, ಮುಚ್ಚಳ ಜೋಡಿಸಿ, ಸೂಜಿ ಎಲ್ಲಿ ಎಡವುತ್ತಿದೆ ಎಂದು ತೋರಿಸುತ್ತಿದ್ದರು. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, ಜೇಬಿನಿಂದ ಎರಡು ಪೆನ್ಸಿಲ್ ತೆಗೆದರು. ಒಂದನ್ನು ತಾವು ನೆಟ್ಟಗೆ ಹಿಡಿದು, ಇನ್ನೊಂದನ್ನು ಹೆಂಡತಿಯ ಕೈಗೆ ಕೊಟ್ಟರು.

"ನಿನ್ನ ಪೆನ್ಸಿಲ್ ತುದೀನ ಮೇಲಿನಿಂದ ತಂದು ಈ ತುದಿಗೆ ಮುಟ್ಟಿಸು. ಒಂದು ಕಣ್ಣು ಮುಚ್ಚಿಕೊಂಡು."

ತಪ್ಪಿತು. ಪೆನ್ಸಿಲ್ ಮೇಷ್ಟ್ರ ಪೆನ್ಸಿಲಿನ ಹಿಂದಕ್ಕೆ ಇಳಿಯಿತು.

"ಈಗ ಎರಡೂ ಕಣ್ಣು ಬಿಟ್ಟು."

ಮತ್ತೆ ತಪ್ಪಿತು. ಅಷ್ಟೇ ದೂರ, ಅದೇ ಕಡೆಗೆ.

"ಏನಾದ್ರೂ ವ್ಯತ್ಯಾಸ ಆಯ್ತಾ?"

"ಏನು ವ್ಯತ್ಯಾಸ? ಒಂದು ಕಣ್ಣು ಬಿಟ್ರೂ ಅದೇ, ಎರಡು ಬಿಟ್ರೂ ಅದೇ."

ಮೇಷ್ಟ್ರು ಮೊದಲು ನಕ್ಕರು. "ಅದಕ್ಕೇ ನೋಡು, ನಾನು ಬೀಗದ ಕೈ ಎಸೆದಾಗಲೆಲ್ಲ ನೀನು ಗಾಳಿ ಹಿಡೀತಿದ್ದೆ. ನೀರು ಬಗ್ಗಿಸೋವಾಗ ಜಗ್ಗಿನ ಮೂತಿ ಲೋಟಕ್ಕೆ ಟಣ್ ಅಂತ ತಗಲಿಸ್ದೇ ಒಂದು ದಿನ ಬಗ್ಗಿಸಿಲ್ಲ. ನಾನು ಅದನ್ನ ನಿನ್ನ ಗತ್ತು ಅಂದ್ಕೊಂಡಿದ್ದೆ…" ಎಂದು ಹೇಳುತ್ತ ಹೇಳುತ್ತ ಅವರ ನಗು ನಿಂತಿತು. ಇಬ್ಬರೂ ಆ ಎರಡು ಪೆನ್ಸಿಲ್‌ಗಳನ್ನು ನೋಡುತ್ತ ಕೂತರು.

ಕಣ್ಣು ತೋರಿಸಲು ಅಕ್ಕ ಹೋದದ್ದು ಊರಿನ ಇನ್ನೊಂದು ತುದಿಯಲ್ಲಿರುವ, ಯಾರಿಗೂ ತಮ್ಮ ಪರಿಚಯವಿಲ್ಲದ ಕ್ಲಿನಿಕ್ಕಿಗೆ. ಅಲ್ಲಿನ ಡಾಕ್ಟರು ಚುಕ್ಕೆಗಳ ಚಿತ್ರ ತೋರಿಸಿ "ಯಾವ ಚೌಕ ಎದ್ದು ಕಾಣ್ತಿದೆ?" ಎಂದು ಕೇಳಿದರೆ, ಅಕ್ಕನಿಗೆ ಯಾವುದೂ ಎದ್ದು ಕಾಣಲಿಲ್ಲ.

"ಚಿಕ್ಕವರಿದ್ದಾಗ ಕಣ್ಣು ಸ್ವಲ್ಪ ವಾರೆ ಇತ್ತಾ?"

"ಇತ್ತಂತೆ. ಕನ್ನಡಕ ಹಾಕಿದ ಮೇಲೆ ಸರಿಹೋಯ್ತು."

"ಕಣ್ಣು ನೇರ ಆಯ್ತು, ಅಷ್ಟೇ. ಎರಡು ಕಣ್ಣಿನ ಎರಡು ಚಿತ್ರ ಸೇರಿಸಿ ಒಂದು ಮಾಡೋದನ್ನ ಮೆದುಳು ಸಣ್ಣ ವಯಸ್ಸಲ್ಲೇ ಕಲೀಬೇಕು. ನಿಮ್ಮದು ಕಲೀಲೇ ಇಲ್ಲ. ಒಂದು ಸಲಕ್ಕೆ ಒಂದೇ ಕಣ್ಣು ಲೆಕ್ಕಕ್ಕೆ ತಗೊಳ್ಳತ್ತೆ."

"ಈಗ ಕಲಿಸೋಕಾಗಲ್ವಾ? ವ್ಯಾಯಾಮ, ಬೇರೆ ಕನ್ನಡಕ…"

"ಐವತ್ತು ದಾಟಿದ ಮೇಲಾ? ನಿಮಗೆ ಆಸೆ ಹುಟ್ಟಿಸೋದು ನನಗೆ ಇಷ್ಟ ಇಲ್ಲ ಅಮ್ಮ. ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ ಅಂದ್ರೆ ತೊಂದರೆ ಏನು? ಕೆಲಸ ಏನು ಮಾಡ್ತೀರಿ?"

ಅಕ್ಕ ಒಂದು ಕ್ಷಣ ಯೋಚಿಸಿ "ಹೊಲಿಗೆ ಕೆಲಸ" ಎಂದರಂತೆ.

"ಹಾಗಾದ್ರೆ ಚಿಂತೆ ಬಿಡಿ. ಕೈಗೆ ಅಭ್ಯಾಸ ಆಗಿರತ್ತೆ."

ಆಗ ಅಕ್ಕನಿಗೆ ಟಿವಿಯ ಕಾಲ ನೆನಪಾಯಿತು. ಚಪ್ಪಟೆ ಚಿತ್ರ ಎಂದು ಎಲ್ಲರೂ ಗೋಳಾಡುತ್ತಿದ್ದಾಗ ತಾವೊಬ್ಬರೇ ಮುಂದೆ ಹೋದದ್ದು ಏಕೆಂದರೆ, ಅವರು ಹುಟ್ಟಿದಂದಿನಿಂದ ಆ ಚಪ್ಪಟೆ ಲೋಕದಲ್ಲೇ ಓಡಾಡಿಕೊಂಡಿದ್ದವರು. ಉಳಿದವರು ಹೊಸದಾಗಿ ಬಂದವರು. ಆದರೆ ಆಗ ಕೈ ಇತ್ತು. ಈ ಯಂತ್ರ ಕೈಯನ್ನು ಕಸಿದುಕೊಂಡು, ಬದಲಿಗೆ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳವನ್ನು ಕೊಡುತ್ತದೆ. ಎಲ್ಲರಿಗೂ ಆ ವ್ಯಾಪಾರ ಸರಿಯಾಗಿತ್ತು. ಅಕ್ಕನಿಂದ ಅದು ತೆಗೆದುಕೊಂಡಿತು, ಏನನ್ನೂ ಕೊಡಲಿಲ್ಲ.

ಮೂರನೆಯ ರೋಗಿ ನಮ್ಮ ಆಸ್ಪತ್ರೆಯ ಲಿಫ್ಟಿನವರೇ. ಅವರು ತಮಾಷೆಯ ಮನುಷ್ಯ. "ದಿನವೆಲ್ಲ ನಾನು ಎತ್ತೋದು ಒಂದು ಬೆರಳು, ಅದೂ ಗುಂಡಿ ಒತ್ತೋಕೆ. ಇಷ್ಟಕ್ಕೇ ಹರ್ನಿಯಾ ಬರತ್ತಾ ಅಕ್ಕ? ಹಾಗಾದ್ರೆ ಲಿಫ್ಟಿಗೆ ಎಷ್ಟು ಬರಬೇಕು?" ಎಂದು ಲಿಫ್ಟ್ ತುಂಬ ಜನರ ಮುಂದೆ ಕೇಳಿದ್ದರು. ಹಿಂದಿನ ದಿನ ಅಡ್ಮಿಟ್ ಆದಾಗ ಮಾತ್ರ ಮೆತ್ತಗೆ ಕೇಳಿದರು: "ಮೆಷಿನ್ ಮಾಡತ್ತಂತೆ. ಅದರ ಹಿಂದೆ ನೀವೇ ಇರ್ತೀರಲ್ವಾ?"

"ಇರ್ತೀನಿ" ಎಂದರು ಅಕ್ಕ.

ಮನೆಯಲ್ಲಿ ಮೇಷ್ಟ್ರು "ನಾಳೆ ಬೇಡ. ಹೋಗಿ ಹೇಳಿಬಿಡು" ಎಂದಿದ್ದರು. ಅಕ್ಕ ಒಪ್ಪಲಿಲ್ಲ. "ಬಳೆ ಹಾಕೋದನ್ನ ನೆರಳು ನೋಡಿ ಕಲಿತೆ. ಇದನ್ನೂ ಯಾವುದೋ ಒಂದರಲ್ಲಿ ಹಿಡೀತೀನಿ. ಇದೊಂದು ನೋಡ್ತೀನಿ. ಮರಿ ಪಕ್ಕದಲ್ಲೇ ಇರ್ತಾನೆ" ಎಂದರು. ಮೇಷ್ಟ್ರು ಇನ್ನೂ ಒತ್ತಿ ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ.

ಹೊಟ್ಟೆಯೊಳಗೆ ನೆರಳು ಬೀಳುವುದಿಲ್ಲ. ಬೆಳಕು ಬರುವುದು ಕ್ಯಾಮೆರಾದ ಪಕ್ಕದಿಂದಲೇ. ಹಣೆಗೆ ದೀಪ ಕಟ್ಟಿಕೊಂಡವನಿಗೆ ಎದುರಿನ ವಸ್ತುಗಳ ನೆರಳು ಹೇಗೆ ಕಾಣುವುದಿಲ್ಲವೋ ಹಾಗೆ. ಆಟದ ಯಂತ್ರದಲ್ಲಿ ಕಂಡ ನೆರಳು ಯಾರೋ ಚಂದಕ್ಕೆಂದು ಬರೆದದ್ದು. ಹಿಂದಿನ ಎರಡು ಆಪರೇಷನ್ನುಗಳಲ್ಲಿ ಅಕ್ಕ ಇದನ್ನು ಗಮನಿಸುವ ಮೊದಲೇ ಮರಿ ಸೂಜಿ ತೆಗೆದುಕೊಂಡಿದ್ದ. ಈ ಸಲ ಅಕ್ಕ ಮೊದಲೇ ಹೇಳಿಬಿಟ್ಟಿದ್ದರು: "ಇವತ್ತು ಹೊಲಿಗೆ ನಾನೇ ಹಾಕ್ತೀನಿ. ಸುಸ್ತು ಗಿಸ್ತು ಏನೂ ಇಲ್ಲ."

ಪೊರೆ ಬಿಡಿಸಿದ್ದಾಯಿತು. ಇಳಿದಿದ್ದ ಕರುಳು ತನ್ನ ಜಾಗಕ್ಕೆ ಬಂತು. ಜಾಲರಿ ಹಾಸಿದ್ದಾಯಿತು. ಅದರ ಮೇಲಂಚನ್ನು ಹೊಟ್ಟೆಯ ಗೋಡೆಗೆ ಹೊಲಿಯಬೇಕು. ಅಲ್ಲೇ ಪಕ್ಕದಲ್ಲಿ ಗೋಡೆಗುಂಟ ಒಂದು ರಕ್ತನಾಳ ಓಡುತ್ತದೆ, ಅದನ್ನು ತಪ್ಪಿಸಿ ಹಾಕಬೇಕು. ಇದು ಅಕ್ಕನಿಗೆ ಗೊತ್ತಿದ್ದಷ್ಟು ನಮ್ಮಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮರಿ ತನ್ನ ಕನ್ಸೋಲಿನಿಂದ ಒಂದು ಹಸಿರು ಬಾಣವನ್ನು ಚಿತ್ರದೊಳಗೆ ಇಳಿಸಿ, ಸೂಜಿ ಇಡಬೇಕಾದ ಜಾಗಕ್ಕೆ ತಂದು ನಿಲ್ಲಿಸಿದ. "ಇಲ್ಲಿ ಅಕ್ಕ." ಬಾಣದ ತುದಿ ಮರಿಗೆ ಜಾಲರಿಯ ಮೇಲೆ ಕೂತಿತ್ತು. ಅಕ್ಕನಿಗೆ ಅದು ಜಾಲರಿಯ ಮೇಲಿದೆಯೋ, ಅದಕ್ಕಿಂತ ಈಚೆ ಗಾಳಿಯಲ್ಲಿದೆಯೋ, ಗೊತ್ತಾಗುವಂತಿರಲಿಲ್ಲ. ಅವರು ಸೂಜಿಯನ್ನು ಆ ಕಡೆ ಒಯ್ದರು, ಕುಕ್ಕಿದರು, ಇನ್ನೂ ದೂರವಿದೆ ಎಂದುಕೊಂಡು ಒಳಕ್ಕೆ ಒತ್ತಿದರು.

ಗೋಡೆಯ ಪರದೆ ಕೆಂಪಗಾಯಿತು.

"ಬಿಟ್ಬಿಡಿ ಅಕ್ಕ, ನಾನು ತಗೊಂಡೆ. ಸಕ್ಷನ್!" ಮರಿಯ ದನಿ ಏರಲೂ ಇಲ್ಲ. ರೋಗಿಯ ಪಕ್ಕ ನಿಂತಿದ್ದ ಜೂನಿಯರ್ ಹುಡುಗಿ ರಕ್ತ ಹೀರಿದಳು. ಮರಿ ನಾಳವನ್ನು ಹಿಡಿದ, ಹೊಲಿಗೆ ಹಾಕಿದ, ಕಾದ, ಬಿಟ್ಟು ನೋಡಿದ. ನಿಂತಿತ್ತು. ಬಿಪಿ ಸ್ವಲ್ಪ ಇಳಿದು ಮತ್ತೆ ಏರಿತು. ರೋಗಿಯ ಮಟ್ಟಿಗೆ ಅದು ದೊಡ್ಡ ಅನಾಹುತವೇನಲ್ಲ, ಎಲ್ಲ ಸರ್ಜನ್‌ಗಳೂ ಎಂದಾದರೊಂದು ದಿನ ಕಂಡಿರುವಂಥದ್ದು.

ನಾನು ಅಕ್ಕನ ಕಡೆ ನೋಡಿದೆ. ಅವರ ಹಣೆ ಇನ್ನೂ ಮೆತ್ತೆಗೆ ಒತ್ತಿತ್ತು, ಬೆರಳುಗಳು ಪಟ್ಟಿಯೊಳಗೇ ಇದ್ದವು. ಹಿಡಿತ ತಪ್ಪಿಹೋದ ಮೇಲೂ ಆ ಬೆರಳುಗಳು ಆಡುತ್ತಿದ್ದವು. ನಾಳವನ್ನು ಹೇಗೆ ಹಿಡಿಯಬೇಕೋ ಹಾಗೆ ಹಿಡಿಯುತ್ತಿದ್ದವು, ಗಂಟು ಹೇಗೆ ಹಾಕಬೇಕೋ ಹಾಗೆ ಹಾಕುತ್ತಿದ್ದವು. ಎಲ್ಲವೂ ಸರಿಯಾಗಿಯೇ ಇತ್ತು. ಅದರ ಇನ್ನೊಂದು ತುದಿಯಲ್ಲಿ ಏನೂ ಇರಲಿಲ್ಲ.

ಥಿಯೇಟರಿನ ಪಕ್ಕದ ಚಹಾ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಅಕ್ಕ ಕಣ್ಣಿನ ವಿಷಯ ಹೇಳಿದರು, ನಾಲ್ಕು ಮಾತಿನಲ್ಲಿ. ಮರಿ ಲೋಟದೊಳಗೆ ನೋಡುತ್ತಿದ್ದ.

"ನಿನಗೆ ಆಶ್ಚರ್ಯ ಆಗ್ಲಿಲ್ವೇನೋ?" ಅಕ್ಕ ಕೇಳಿದರು.

ಅವನು ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದ.

"ಮರಿ, ನಿನ್ನನ್ನೇ ಕೇಳ್ತಿರೋದು."

"ಬಳೆ ಹಾಕೋ ಪಾಠದಲ್ಲೇ ಅನುಮಾನ ಬಂತು ಅಕ್ಕ. ನೀವು ಬಳೆ ನೋಡ್ತಿರಲಿಲ್ಲ, ಕೆಳಗೆ ನೆರಳು ನೋಡ್ತಿದ್ರಿ. ನಾನು ಕಲಿತ ಕಡೆ ಒಬ್ಬರು ಹೀಗೇ ಮಾಡ್ತಿದ್ರು. ಅವರಿಗೂ ಇದೇ."

"ಬಳೆ ಹಾಕೋವಾಗ್ಲೇ." ಅಕ್ಕನ ದನಿ ಬಹಳ ನಿಧಾನವಾಗಿತ್ತು. "ಅವರಿಗೆ ಏನು ಹೇಳಿದ್ರು?"

"ಮೊದಲನೇ ವಾರವೇ ಹೇಳಿದ್ರು. ಅವರು ಬೇರೆ ವಿಭಾಗಕ್ಕೆ ಹೋದ್ರು."

"ನೀನು ಯಾಕೆ ಹೇಳಲಿಲ್ಲ?"

"ನಿಮಗೆ ನಾನು ಹೇಗೆ ಅಕ್ಕ ಹೇಳಲಿ? ನೀವು ಬೆಳಗ್ಗೆ ಬೆಳಗ್ಗೆ ಬಂದು ಕೂರ್ತಿದ್ರಿ. ಬಿಸ್ಕತ್ತು ಬೇರೆ ಹಂಚಿದ್ರಿ. ಬಾಯೇ ಬರಲಿಲ್ಲ. ಸೂಜಿ ಬಂದಾಗೆಲ್ಲ ನಾನು ತಗೊಂಡ್ರೆ ಆಯ್ತು ಅಂದ್ಕೊಂಡೆ. ಈಗಲೂ ಅಷ್ಟೇ, ನಾನು ಒಪ್ಪಿಗೆ ಕೊಡ್ತೀನಿ. ಆಪರೇಷನ್ ಪಟ್ಟಿ ನಿಮ್ಮ ಹೆಸರಲ್ಲೇ ಇರಲಿ. ಹೊಲಿಗೆ ಹೊತ್ತಿಗೆ ನಾನು ಬಂದು ಕೂರ್ತೀನಿ. ಯಾರಿಗೂ ತಿಳಿಯೋದಿಲ್ಲ."

ಅಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ಇದು ಅಂಥ ಸಿಟ್ಟಲ್ಲ.

"ನಿನ್ನ ಗೆಣ್ಣಿಗೆ ಎಷ್ಟು ಸಲ ಹೊಡೆದಿದೀನೋ ನಾನು? ಲೆಕ್ಕ ಇದೆಯಾ? ಒಂದು ಸಲ, ಒಂದೇ ಒಂದು ಸಲ ನೀನು ನನಗೆ ತಪ್ಪು ಅಂದಿದ್ರೆ ಆ ಲಿಫ್ಟಿನವರ ಹೊಟ್ಟೇಲಿ ಇವತ್ತು ನಾನು ಸೂಜಿ ಹಿಡೀತಿರಲಿಲ್ಲ." ಲೋಟ ಪಕ್ಕಕ್ಕಿಟ್ಟು ಮತ್ತೆ ಅಂದರು: "ನನ್ನದೂ ಇದೆ. ಕಣ್ಣಿನವರು ಹೇಳಿದ ಮೇಲೂ ನಾನು ಕೂತೆ. ಏಳು. ಸೂಪರಿಂಟೆಂಡೆಂಟ್ ಹತ್ತಿರ ಹೋಗೋಣ. ನೀನೇ ಹೇಳು."

ನನ್ನನ್ನೂ ಬನ್ನಿ ಎಂದರು. ಸೂಪರಿಂಟೆಂಡೆಂಟ್ ಫೋನಿನಲ್ಲಿ ಯಾರೊಂದಿಗೋ ಜನರೇಟರ್ ರಿಪೇರಿಯ ವಿಚಾರ ಮಾತಾಡುತ್ತಿದ್ದರು. ಕೈಸನ್ನೆಯಲ್ಲೇ ಕೂರಿಸಿದರು. ಫೋನ್ ಇಟ್ಟ ಮೇಲೆ ಮರಿ ಎದ್ದು ನಿಂತ. ಶಾಲೆಯ ಹುಡುಗನ ಹಾಗೆ.

"ಸರ್, ಅಕ್ಕನ ರೋಬೋಟ್ ವಿಷಯ. ಅದೂ… ಅಕ್ಕಂಗೆ ಈಗ ಅಷ್ಟೊಂದು ಆಸಕ್ತಿ ಇಲ್ವಂತೆ. ಹಾಗಾಗಿ…"

ಆಗಲೂ ಅವನ ಬಾಯಿಂದ ಅದು ಬರಲಿಲ್ಲ.

"ಅಯ್ಯೋ, ವಯಸ್ಸಾದ್ಮೇಲೆ ಹೊಸದು ಬೇಡ ಅನ್ಸತ್ತೆ, ಎಲ್ಲರಿಗೂ ಹಾಗೇ" ಎಂದು ಸೂಪರಿಂಟೆಂಡೆಂಟ್ ಅರ್ಥವಾದವರಂತೆ ತಲೆಯಾಡಿಸಿದರು.

"ಆಸಕ್ತಿ ಇದೆ ಸರ್" ಎಂದರು ಅಕ್ಕ. "ಬರಲ್ಲ. ನನಗೆ ಆಳ ಕಾಣಲ್ಲ. ಇವತ್ತು ನಾಳಕ್ಕೆ ಸೂಜಿ ಚುಚ್ಚಿದೆ."

"ಛೆ ಛೆ, ನಿಮ್ಮಂಥವರಿಗೆ ಬರದೇ ಇನ್ಯಾರಿಗೆ ಬರತ್ತೆ? ಎದೆಗುಂದಬೇಡಿ. ಇನ್ನೊಂದು ಹತ್ತು ಕೇಸ್ ಮಾಡಿ, ತಾನಾಗೇ ಕೈ ಕೂರತ್ತೆ."

"ಯಾರ ಮೇಲೆ ಸರ್?" ಎಂದು ಅಕ್ಕ ಕೇಳಿದರು.

ಸೂಪರಿಂಟೆಂಡೆಂಟ್ ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿಟ್ಟರು.

ಲಿಫ್ಟಿನವರು ಚೇತರಿಸಿಕೊಂಡು ಮನೆಗೆ ಹೋದರು. ಹೊಟ್ಟೆಯ ಒಂದು ಕಡೆ ನೇರಳೆ ಬಣ್ಣದ ಬಾವು ಬಹಳ ದಿನ ಇತ್ತು. ಆದದ್ದನ್ನು ಅಕ್ಕ ಅವರ ಹಾಸಿಗೆಯ ಪಕ್ಕ ಕೂತು ತಾವೇ ಹೇಳಿದ್ದರು. "ಹೋಗ್ಲಿ ಬಿಡಿ, ಮೆಷಿನ್ ಅಂದ್ಮೇಲೆ ಕೈ ಕೊಡತ್ತೆ" ಎಂದರು ಅವರು. "ಮೆಷಿನ್ ಅಲ್ಲ, ನಾನು" ಎಂದು ಅಕ್ಕ ಇನ್ನೊಮ್ಮೆ ಹೇಳಿದರು. ಅವರು ನಂಬಿದ ಹಾಗೆ ಕಾಣಲಿಲ್ಲ.

ಹೊಸ ವರ್ಷದ ಆಪರೇಷನ್ ಪಟ್ಟಿಯಲ್ಲಿ ಅಕ್ಕ ಇರಲಿಲ್ಲ. ಹೊಸಬರು ಸಿಮ್ಯುಲೇಟರಿಗೆ ಕೂರುವ ಮೊದಲು ಆಳ ಕಾಣುತ್ತದೆಯೇ ಎಂದು ಕಣ್ಣಿನ ಪರೀಕ್ಷೆ ಮಾಡಿಸಿ ಎಂದು ಅವರು ಎರಡು ಸಲ ಕೇಳಿದರು. ಸೂಪರಿಂಟೆಂಡೆಂಟ್ ನೋಡೋಣ ಎಂದರು, ನೋಡಲಿಲ್ಲ. ತುರ್ತಿನ ಪಾಳಿಗಾದರೂ ಹಾಕಿ, ಹಳೆಯ ರೀತಿಯಲ್ಲಿ ಕೊಯ್ದು ಮಾಡುತ್ತೇನೆ ಎಂದೂ ಕೇಳಿದರು. ಪಾಳಿಯ ಹುಡುಗರು ಇದ್ದಾರಲ್ಲ, ಈ ವಯಸ್ಸಿನಲ್ಲಿ ನಿಮಗೇಕೆ ತೊಂದರೆ ಎಂದರು. ಮರಿ ಈಗಲೂ ಎದುರಿಗೆ ಸಿಕ್ಕರೆ ನಿಂತು "ಅಕ್ಕ, ಊಟ ಆಯ್ತಾ?" ಎನ್ನುತ್ತಾನೆ. ಅವರು ಆಯ್ತು ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಮಾತು ನಾನು ಕೇಳಿಲ್ಲ.

ಅಕ್ಕ ಈಗ ಕೆಳಗೆ ಹೊರರೋಗಿ ವಿಭಾಗದಲ್ಲಿ ಕೂರುತ್ತಾರೆ. ಬಂದವರನ್ನು ಮಲಗಿಸಿ, ಕೆಮ್ಮಿಸಿ, ಬೆರಳಿಟ್ಟು ನೋಡಿ, ಎಡವೋ ಬಲವೋ, ಸಣ್ಣದೋ ದೊಡ್ಡದೋ ಹೇಳಿ ಮೇಲಕ್ಕೆ ಕಳಿಸುತ್ತಾರೆ. ಮೊನ್ನೆ ನಾನು ಒಬ್ಬ ರೋಗಿಯ ವಿಚಾರ ಕೇಳಲು ಹೋಗಿದ್ದೆ. ದೂರದಿಂದ ಬಂದಿದ್ದ ವಯಸ್ಸಾದವರೊಬ್ಬರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನಮ್ಮಣ್ಣನಿಗೆ ನೀವೇ ಮಾಡಿದ್ದು ಅಕ್ಕ. ಇವತ್ತಿಗೂ ಗಟ್ಟಿಮುಟ್ಟಾಗಿದಾನೆ. ನನಗೂ ನೀವೇ ಮಾಡ್ತೀರಲ್ಲ?" ಎಂದು ಕೇಳುತ್ತಿದ್ದರು.

"ಇಲ್ಲ, ಮೇಲೆ ಮಾಡ್ತಾರೆ" ಎಂದು ಅಕ್ಕ ಮುಂದಿನವರನ್ನು ಕರೆದರು.